ಮೊಣಕಾಲ ಪ್ಯಾಡಿನ ಮೇಲಿನ ಅಂಕಿಯನ್ನು ಓದುವ ಬಗೆ



ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಚಿಗುರು ತೆಗೆಯುವದು, ಸಾಲದ ಕಂತು, ಇಂಥ ವಿಷಯಗಳ ನಡುವೆ ಸೈಕಲ್ ಸವಾರರು ಮೊಣಕಾಲಿಗೆ ಕಟ್ಟಿಕೊಳ್ಳುವ ಪ್ಯಾಡಿನ ಮೇಲೆ ಲೇಖನ ಬಂದದ್ದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ಸಂಘದ ಹಣದಿಂದ ನಾವು ಒಂದು ತಪ್ಪು ಖರೀದಿ ಮಾಡಿದೆವು. ಅದನ್ನು ನಂಬಿಕೊಂಡ ಒಬ್ಬ ಸದಸ್ಯರ ಮಗ ಬಿದ್ದಾಗ ಅದು ಅವನನ್ನು ಕಾಯಲಿಲ್ಲ. ಜಮಾಖರ್ಚಿನ ವಹಿಯಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಬರುವ ಸರ್ವಸಾಧಾರಣ ಸಭೆಯಲ್ಲಿ ಇಂಥದೇ ಇನ್ನೊಂದು ಖರೀದಿಯ ಠರಾವು ಬರಲಿಕ್ಕಿದೆ. ಅದಕ್ಕೆ ಮೊದಲು ಸದಸ್ಯರೆಲ್ಲರೂ ಈ ವಿಷಯ ತಿಳಿದಿರಲಿ ಎಂದು ಬರೆಯುತ್ತಿದ್ದೇವೆ.

ನಮ್ಮ ನಾಲ್ಕೂ ತಾಲೂಕುಗಳಲ್ಲಿ ಈಗ ಗುಡ್ಡಗಾಡಿನ ಸೈಕಲ್ಲಿನ ಹವ್ಯಾಸ ಹಬ್ಬಿದೆ. ಮೌಂಟನ್ ಬೈಕ್ ಎಂದು ಹುಡುಗರು ಕರೆಯುವ, ದಪ್ಪ ಟಾಯರಿನ, ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು ಇರುವ ಸೈಕಲ್ಲು ಇದು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿಯೂ ಈ ಆಟ ಸೇರಿತು. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಓಟ ಹೊಸದಲ್ಲ. 2022ರಲ್ಲಿ ನೆರೆಯ ಗದಗಿನಲ್ಲಿ ಮೌಂಟನ್ ಬೈಕಿನ ರಾಷ್ಟ್ರೀಯ ಸ್ಪರ್ಧೆ ನಡೆದ ಮೇಲಂತೂ ನಮ್ಮ ಹುಡುಗರಿಗೆ ಅದರ ರುಚಿ ಹತ್ತಿತು. ರವಿವಾರ ಬಂತೆಂದರೆ ಹಾನಗಲ್ಲಿನ ಆನಿಕೆರೆಯ ಏರಿ, ಶಿಗ್ಗಾಂವಿ ತಾಲೂಕಿನ ಬಂಕಾಪುರದ ಸುತ್ತು, ಹಿರೇಕೆರೂರ ಸೀಮೆಯ ಮದಗದ ಕೆರೆಯ ಗುಡ್ಡ, ಎಲ್ಲಿ ನೋಡಿದರಲ್ಲಿ ನಾಲ್ಕಾರು ಸೈಕಲ್ಲು. ನಮಗೆ ಇದು ಬೇಡವೆನಿಸಿಲ್ಲ. ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂಡುವದಕ್ಕಿಂತ ಇದು ಎಷ್ಟೋ ವಾಸಿ.

ಸದಸ್ಯರ ಮಕ್ಕಳಲ್ಲಿ ಹನ್ನೆರಡು ಜನ ಕೂಡಿ ಬಂದು, ಕಲ್ಯಾಣ ನಿಧಿಯಿಂದ ಮೊಣಕಾಲ ಪ್ಯಾಡು ಕೊಡಿಸಬೇಕೆಂದು ಕೇಳಿದರು. ಆಡಳಿತ ಮಂಡಳಿ ಒಪ್ಪಿತು. ಖರೀದಿ ನಮ್ಮ ಪಾಲಿಗೆ ಬಂತು. ಪೇಟೆಯಲ್ಲಿ ಎರಡು ನಮೂನೆ ತೋರಿಸಿದರು. ಒಂದರ ಮೇಲೆ 'ಲೆವೆಲ್ 1' ಎಂದಿತ್ತು, ಇನ್ನೊಂದರ ಮೇಲೆ 'ಲೆವೆಲ್ 2'. ಎರಡೂ ಪಟ್ಟಿಗಳ ಮೇಲೆ 'ಸಿ.ಇ.' ಎಂಬ ಯುರೋಪಿನ ಗುರುತು. ಎರಡನೆಯದರ ಬೆಲೆ ಕಡಿಮೆ, ದಪ್ಪ ಹೆಚ್ಚು, ಅಂಕಿಯೂ ದೊಡ್ಡದು. ಕಡಿಮೆ ಹಣಕ್ಕೆ ಹೆಚ್ಚಿನ ಮಾಲು ಸಿಕ್ಕಿತೆಂದು ಹಿಗ್ಗಿ ಹನ್ನೆರಡು ಜೊತೆ ತಂದೆವು. ಪದವೀಧರರಾದ ನಮಗೆ, ಅಂಕಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇದೆ, ಅದನ್ನೂ ಓದಬೇಕು ಎಂಬದು ಹೊಳೆಯಲಿಲ್ಲ.

ಕೊನೆ ಕೊಯ್ಲಿಗೆ ಮುಂಚೆ, ಒಂದು ಮಳೆ ಬಿದ್ದು ನಿಂತ ಮರುದಿನ, ಅವರಲ್ಲೊಬ್ಬ ಗರಸಿನ ಇಳಿಜಾರಿನಲ್ಲಿ ಜಾರಿದ. ಪ್ಯಾಡು ಕಟ್ಟಿಕೊಂಡೇ ಇದ್ದ. ಮೊಣಕಾಲು ನೇರವಾಗಿ ಕಲ್ಲಿನ ಮೇಲೆ ಬಿತ್ತು. ಚಿಪ್ಪು ಸೀಳಿತ್ತು. ಆರು ವಾರ ಪ್ಲಾಸ್ಟರು, ಪದವಿಯ ಒಂದು ಪರೀಕ್ಷೆ ಹೋಯಿತು. ತಂದೆ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನಮಗೆ ಹಗುರಾಗುತ್ತಿತ್ತೇನೋ. ಕಚೇರಿಗೆ ಬಂದು ಆ ಪ್ಯಾಡನ್ನು ಮೇಜಿನ ಮೇಲಿಟ್ಟು ಕೇಳಿದರು: "ಸೆಕ್ರೆಟರಿ ಸಾಹೇಬರ, ಇದರ ಮ್ಯಾಲಿನ ಎರಡು ಅಂದ್ರ ಏನ್ರಿ? ನಮ್ಮ ಅಡಿಕಿಯೊಳಗ ಒಂದನೇ ನಂಬರ್ ಅಂದ್ರ ಛಲೋ ಮಾಲು. ಇದರಾಗ ಎರಡು ಛಲೋನೋ, ಒಂದು ಛಲೋನೋ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಇಡುತ್ತೇವೆ.

ಪರೀಕ್ಷೆಯಲ್ಲಿ ನಡೆಯುವದೇನು?

ಸವಾರರ ಮೊಣಕಾಲು, ಮೊಣಕೈ, ಭುಜ, ಸೊಂಟದ ಪಕ್ಕ, ಇವುಗಳ ಪ್ಯಾಡಿಗೆ ಯುರೋಪಿನಲ್ಲಿ ಒಂದು ಮಾನಕವಿದೆ. ಅದರ ಹೆಸರು ಇ.ಎನ್. 1621-1. ಮೂಲತಃ ಮೋಟಾರ್ ಸೈಕಲ್ ಸವಾರರಿಗಾಗಿ ಮಾಡಿದ್ದು. ಗುಡ್ಡಗಾಡಿನ ಸೈಕಲ್ಲಿನ ಪ್ಯಾಡುಗಳನ್ನೂ ಸಾಮಾನ್ಯವಾಗಿ ಇದಕ್ಕೇ ಒಡ್ಡುತ್ತಾರೆ. ಪರೀಕ್ಷೆ ಸರಳ. ಉಕ್ಕಿನ ಗುಮ್ಮಟದಂಥ ಒಂದು ಪೀಠದ ಮೇಲೆ ಪ್ಯಾಡನ್ನು ಇಟ್ಟು, 5 ಕಿಲೋ ತೂಕದ ಲೋಹದ ದಿಮ್ಮಿಯನ್ನು ಸುಮಾರು 1 ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಆ ಪೆಟ್ಟಿನ ಶಕ್ತಿ 50 ಜೂಲ್. ಪ್ಯಾಡನ್ನು ದಾಟಿ ಕೆಳಗಿನ ಪೀಠಕ್ಕೆ ಎಷ್ಟು ಬಲ ಮುಟ್ಟಿತು ಎಂಬದನ್ನು ಯಂತ್ರ ಅಳೆಯುತ್ತದೆ. ಅಷ್ಟೇ.

ಹಾಗೆ ಮುಟ್ಟಿದ ಬಲ ಸರಾಸರಿ 35 ಕಿಲೋ ನ್ಯೂಟನ್ನಿನ ಒಳಗಿದ್ದರೆ ಲೆವೆಲ್ 1. 20 ಕಿಲೋ ನ್ಯೂಟನ್ನಿನ ಒಳಗಿದ್ದರೆ ಲೆವೆಲ್ 2. ಆದ್ದರಿಂದ ಆ ತಂದೆಯ ಪ್ರಶ್ನೆಗೆ ಮೊದಲ ಉತ್ತರ: ಈ ಮಾನಕದಲ್ಲಿ ಎರಡೇ ಮೇಲು. ನಮ್ಮ ಅಡಿಕೆಯ ಲೆಕ್ಕಕ್ಕೆ ಇದು ತಿರುಗಾಮುರುಗಾ.

ಕಿಲೋ ನ್ಯೂಟನ್ ಎಂದರೆ ಗಾಬರಿ ಬೇಡ. ಒಂದು ಕಿಲೋ ನ್ಯೂಟನ್ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೂಕ ಒತ್ತುವ ಬಲ. 35 ಎಂದರೆ 35 ಕ್ವಿಂಟಲ್, 20 ಎಂದರೆ 20 ಕ್ವಿಂಟಲ್ ಒಂದು ಕ್ಷಣದ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತು ಒತ್ತಿದ ಹಾಗೆ. ಇಷ್ಟು ಭಾರ ಬಿದ್ದರೆ ಎಲುಬು ಉಳಿಯುತ್ತದೆಯೇ ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ಅಲ್ಲಿ ಕೆಳಗಿರುವದು ಅಲುಗಾಡದ ಉಕ್ಕು. ನಮ್ಮ ಕಾಲು ಹಾಗಲ್ಲ: ಹಿಂದೆ ಸರಿಯುತ್ತದೆ, ಮಡಚುತ್ತದೆ, ಮಾಂಸ ಚರ್ಮಗಳೂ ಸ್ವಲ್ಪ ಪೆಟ್ಟು ನುಂಗುತ್ತವೆ. ಆದ್ದರಿಂದ ಈ ಅಂಕಿಯಿಂದ 'ನನ್ನ ಎಲುಬು ಮುರಿಯುವದಿಲ್ಲ' ಎಂಬ ಭವಿಷ್ಯ ಹೇಳಲು ಬರುವದಿಲ್ಲ. ಒಂದೇ ಪೆಟ್ಟಿಗೆ ಎರಡು ಪ್ಯಾಡುಗಳಲ್ಲಿ ಯಾವದು ಹೆಚ್ಚು ತಡೆಯಿತು ಎಂದು ಹೋಲಿಸಲು ಮಾತ್ರ ಬರುತ್ತದೆ. ಅಡಿಕೆಯ ತೇವಾಂಶ ನೋಡುವ ಮೀಟರು ತೇವ ಹೇಳುತ್ತದೆ. ಮುಂದಿನ ವಾರದ ಧಾರಣೆ ಹೇಳುವದಿಲ್ಲ.

ಪ್ಯಾಡು ಪೆಟ್ಟನ್ನು ತಡೆಯುವದು ಹೇಗೆ? ಕೊನೆ ಮೇಲಿಂದ ಬಂಡೆಯ ಮೇಲೆ ಬಿದ್ದರೆ ಕಾಯಿ ಚೆಲ್ಲಾಪಿಲ್ಲಿಯಾಗುತ್ತದೆ. ಅದೇ ಕೊನೆ ಒಣಗಿದ ಸೋಗೆಯ ರಾಶಿಯ ಮೇಲೆ ಬಿದ್ದರೆ ಅಷ್ಟಾಗುವದಿಲ್ಲ. ಬಿದ್ದ ಎತ್ತರ ಒಂದೇ, ತೂಕ ಒಂದೇ. ಸೋಗೆಯ ಮೇಲೆ ಅದು ನಿಲ್ಲಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ಪೆಟ್ಟು ಸ್ವಲ್ಪ ಹೆಚ್ಚು ಜಾಗಕ್ಕೆ ಹರಡಿತು. ಪ್ಯಾಡಿನ ಕೆಲಸವೂ ಇವೆರಡೇ. ಗಟ್ಟಿ ಚಿಪ್ಪಿನ ಪ್ಯಾಡು ಕಲ್ಲಿನ ಮೊನೆಯ ಪೆಟ್ಟನ್ನು ಹರಡುತ್ತದೆ, ಕಲ್ಲಿನ ಮೇಲೆ ಜಾರಿ ಹೋಗುತ್ತದೆ. ಒಳಗಿನ ಮೆತ್ತೆ ಹೊತ್ತನ್ನು ಹಿಗ್ಗಿಸುತ್ತದೆ.

ಈಗ ಒಂದು ಬಗೆಯ ಹೊಸ ಪ್ಯಾಡು ಬಂದಿದೆ. ಮುಟ್ಟಿದರೆ ರಬ್ಬರಿನ ಹಾಗೆ ಮೆತ್ತಗೆ, ಪೆಟ್ಟು ಬಿದ್ದ ಕ್ಷಣ ಬಿಗಿಯಾಗುತ್ತದೆ. ಡಿ3ಓ ಎಂಬದು ಅಂಥ ಒಂದು ಹೆಸರಾದ ಮಾಲು. ನಂಬಿಕೆ ಬಾರದಿದ್ದರೆ ಮನೆಯಲ್ಲಿಯೇ ನೋಡಬಹುದು. ಗೋವಿನಜೋಳಕ್ಕೆ ಹೆಸರಾದ ಜಿಲ್ಲೆ ನಮ್ಮದು. ಅದರ ಪಿಷ್ಟ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುತ್ತದೆ. ಒಂದು ಬಟ್ಟಲು ಪುಡಿಗೆ ಅರ್ಧ ಬಟ್ಟಲಿಗಿಂತ ಸ್ವಲ್ಪ ಹೆಚ್ಚು ನೀರು ಕಲಸಿ, ಮೆಲ್ಲಗೆ ಬೆರಳಿಳಿಸಿದರೆ ಇಳಿಯುತ್ತದೆ. ಮುಷ್ಟಿಯಿಂದ ಗುದ್ದಿದರೆ ಗೋಡೆಯಂತೆ ಎದುರು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಇದನ್ನು ಮಾಡಿ ಅಡಿಗೆಮನೆಯನ್ನೆಲ್ಲ ಬೆಳ್ಳಗೆ ಮಾಡಿದರು, ಅದು ಬೇರೆ ಮಾತು. ಹೇಳಬೇಕಾದದ್ದು ಇಷ್ಟು: ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ 'ಇದು ಮೆತ್ತಗಿದೆ, ಬೇಡ', 'ಇದು ಗಟ್ಟಿಯಿದೆ, ಇರಲಿ' ಎನ್ನುವದು ಪರೀಕ್ಷೆಯಲ್ಲ. ನಾವು ಮಾಡಿದ್ದು ಅದನ್ನೇ.

ನಾವು ಎಡವಿದ್ದು ಎಲ್ಲಿ?

ಆ ತಂದೆ ತಂದಿಟ್ಟ ಪ್ಯಾಡಿನ ಒಳಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ 'ಲೆವೆಲ್ 2' ಎಂಬದರ ಮೇಲೆ ಇದ್ದ ಮಾನಕದ ಸಂಖ್ಯೆ ಕಂಡಿತು. ಅದು ಇ.ಎನ್. 1621 ಆಗಿರಲಿಲ್ಲ. ಇ.ಎನ್. 14404 ಎಂದಿತ್ತು. ಇದು ಮೊಣಕಾಲೂರಿ ಕೆಲಸ ಮಾಡುವವರ ಪ್ಯಾಡಿನ ಮಾನಕ. ಫರಸಿ ಹಾಸುವವರು, ನೆಲಕ್ಕೆ ಟೈಲ್ಸ್ ಕೂಡಿಸುವವರು, ಛಾವಣಿಯ ಮೇಲೆ ಮೊಣಕಾಲ ಮೇಲೆ ಸರಿಯುವವರು ಇವರಿಗಾಗಿ ಇರುವದು. ಅಲ್ಲಿಯೂ 0, 1, 2 ಎಂಬ ಲೆವೆಲ್ಲುಗಳಿವೆ. ಅವುಗಳ ಅರ್ಥವೇ ಬೇರೆ. ನೆಲದ ಮೇಲಿನ ಮೊಳೆ, ಹರಳು ಇಂಥವು ಪ್ಯಾಡನ್ನು ತೂರಿ ಬರದಂತೆ ಎಷ್ಟು ತಡೆಯುತ್ತದೆ ಎಂಬದನ್ನು ಅವು ಹೇಳುತ್ತವೆ. ಲೆವೆಲ್ 1 ಎಂದರೆ 100 ನ್ಯೂಟನ್, ನಮ್ಮ ಲೆಕ್ಕದಲ್ಲಿ ಸುಮಾರು 10 ಕಿಲೋ ಒತ್ತಿದರೂ ಮೊನೆ ತೂರದು. ಲೆವೆಲ್ 2 ಎಂದರೆ 250 ನ್ಯೂಟನ್, ಸುಮಾರು 25 ಕಿಲೋ. ಸೊನ್ನೆ ಎಂದರೆ ತೂರುವದಕ್ಕೆ ತಡೆಯಿಲ್ಲ, ಸಪಾಟು ನೆಲಕ್ಕೆ ಮಾತ್ರ.

ಹೀಗೆ ನಾವು ಬಿಟ್ಟುಬಂದ 'ಲೆವೆಲ್ 1' ಪ್ಯಾಡು ಬೀಳುವವರಿಗಾಗಿ ಮಾಡಿದ್ದು, ತಂದ 'ಲೆವೆಲ್ 2' ಪ್ಯಾಡು ಮೊಣಕಾಲೂರಿ ಕೂಡುವವರಿಗಾಗಿ ಮಾಡಿದ್ದು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ತಯಾರಕರೂ ಸುಳ್ಳು ಬರೆದಿರಲಿಲ್ಲ. ಪಟ್ಟಿಯ ಮೇಲಿದ್ದದ್ದೆಲ್ಲ ಖರೆ. ನಾವು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಮ್ಮ ಪ್ರಶ್ನೆಗೆ ಕೊಟ್ಟದ್ದೆಂದು ತಿಳಿದೆವು. ಒಳ್ಳೆಯ ಪ್ಯಾಡು ಕಟ್ಟಿದ್ದರೆ ಹುಡುಗನ ಚಿಪ್ಪು ಖಂಡಿತ ಉಳಿಯುತ್ತಿತ್ತೇ ಎಂಬದನ್ನು ಯಾರೂ ಹೇಳಲಾರರು. ಉಳಿಯುವ ಸಂಭವ ಹೆಚ್ಚಿತ್ತು, ಅದನ್ನು ನಾವು ಅವನಿಗೆ ಕೊಡಲಿಲ್ಲ.

ಆದ್ದರಿಂದ ಮೊದಲು ಮಾನಕದ ಸಂಖ್ಯೆ, ಆಮೇಲೆ ಲೆವೆಲ್. ಸಂಖ್ಯೆಯಿಲ್ಲದ ಬರೀ 'ಲೆವೆಲ್ 2'ಕ್ಕೆ, ಬರೀ 'ಸಿ.ಇ.' ಗುರುತಿಗೆ ಬೆಲೆಯಿಲ್ಲ. ಗಾಲಿಬೂಟು ಕಟ್ಟಿಕೊಂಡು ಆಡುವ ಮಕ್ಕಳ ಪ್ಯಾಡಿಗೂ ಬೇರೊಂದು ಮಾನಕವಿದೆ, ಇ.ಎನ್. 14120. ಅದೂ ಸೈಕಲ್ಲಿನ ಇಳಿಜಾರಿಗೆ ಮಾಡಿದ್ದಲ್ಲ.

ಇನ್ನೂ ಒಂದು ತೊಡಕಿದೆ. ಒಂದೇ ಮಾನಕದ ಮನೆತನದಲ್ಲಿಯೂ ಅಂಗ ಬದಲಾದರೆ ಲೆವೆಲ್ಲಿನ ಅರ್ಥ ಬದಲಾಗುತ್ತದೆ. ಬೆನ್ನಿನ ಕವಚಕ್ಕೆ ಇ.ಎನ್. 1621-2. ಅಲ್ಲಿ ಲೆವೆಲ್ 1 ಎಂದರೆ ಸರಾಸರಿ 18 ಕಿಲೋ ನ್ಯೂಟನ್ನಿನ ಒಳಗೆ, ಲೆವೆಲ್ 2 ಎಂದರೆ 9ರ ಒಳಗೆ. ಬೆನ್ನುಹುರಿಯ ವಿಷಯದಲ್ಲಿ ಹೆಚ್ಚು ಬಿಗಿ ಮಾಡಿದ್ದಾರೆ, ಯೋಗ್ಯವೇ. ಹೀಗಾಗಿ ಬೆನ್ನಿನ ಲೆವೆಲ್ 1ರ ಮಿತಿ ಮೊಣಕಾಲಿನ ಲೆವೆಲ್ 2ರ ಮಿತಿಗಿಂತ ಕಡಿಮೆ. ಒಂದರ ಅಂಕಿ ಹಿಡಿದು ಇನ್ನೊಂದನ್ನು ತೂಗಬಾರದು.

ಪಟ್ಟಿಯ ಮೇಲಿನ ಉಳಿದ ಅಕ್ಷರಗಳು ಹೆಚ್ಚು ತೊಂದರೆ ಕೊಡುವದಿಲ್ಲ. ಇಂಗ್ಲಿಷಿನ 'ಕೆ' ಎಂದರೆ ಮೊಣಕಾಲು, 'ಇ' ಮೊಣಕೈ, 'ಎಸ್' ಭುಜ, 'ಎಚ್' ಸೊಂಟ. 'ಟೈಪ್ ಎ' ಸಣ್ಣ ಜಾಗವನ್ನು ಮುಚ್ಚುವದು, 'ಟೈಪ್ ಬಿ' ದೊಡ್ಡ ಜಾಗವನ್ನು ಮುಚ್ಚುವದು. ಎತ್ತರದ ಆಳಿಗೆ ಟೈಪ್ ಬಿ ವಾಸಿ.

ಒಂದು ಗುರುತನ್ನು ಮಾತ್ರ ನಮ್ಮ ಸೀಮೆಯವರು ಹುಡುಕಿ ನೋಡಬೇಕು. ಅದು 'ಟಿ' ಅಕ್ಷರದ ಮುಂದೆ ಕೂಡಿಸುವ ಚಿಹ್ನೆ, ಟಿ+. ಸಾಮಾನ್ಯ ಪರೀಕ್ಷೆ ಕೋಣೆಯ ಉಷ್ಣತೆಯಲ್ಲಿ ನಡೆಯುತ್ತದೆ. ಟಿ+ ಇದ್ದರೆ 40 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ ಪಾಸಾಗಿದೆ ಎಂದರ್ಥ. ಟಿ− ಎಂದರೆ ಸೊನ್ನೆಯ ಕೆಳಗೆ 10 ಡಿಗ್ರಿಯಲ್ಲಿ. ಎರಡೂ ಐಚ್ಛಿಕ, ಎಲ್ಲ ಪ್ಯಾಡುಗಳ ಮೇಲೆ ಇರುವದಿಲ್ಲ. ಟಿ− ನಮಗೆ ಬೇಕಿಲ್ಲ, ಹಿಮಾಲಯಕ್ಕೆ ಹೋಗುವವರು ನೋಡಿಕೊಳ್ಳಲಿ. ಆದರೆ ಕೆಲವು ಮೆತ್ತೆಗಳು ಬಿಸಿಯಾದಂತೆ ಸಡಿಲಾಗುತ್ತವೆ. ಸವಣೂರ ಕಡೆಯ ಎರೆನಾಡಿನಲ್ಲಿ ಏಪ್ರಿಲ್ ತಿಂಗಳು ಮಧ್ಯಾಹ್ನ ಹ್ಯಾಂಡಲಿಗೆ ತೂಗುಹಾಕಿದ ಪ್ಯಾಡು ಎಷ್ಟು ಕಾಯುತ್ತದೆ ಎಂದು ಕೈಮುಟ್ಟಿ ನೋಡಿದವರಿಗೆ ಗೊತ್ತು. ಇದೇ ಕಾರಣಕ್ಕೆ ತೊಳೆದ ಪ್ಯಾಡನ್ನು ಅಡಿಕೆಯ ಕಣದಲ್ಲಿ ಬಿಸಿಲಿಗೆ ಹರವಬೇಡಿ, ಸೋಲಾರ್ ಡ್ರೈಯರಿನಲ್ಲಿ ಇಡಲೇಬೇಡಿ. ನೆರಳಲ್ಲಿ ಒಣಗಲಿ.

ಒಂದೋ, ಎರಡೋ?

ಹಾಗಾದರೆ ಎಲ್ಲರೂ ಲೆವೆಲ್ 2 ಕೊಂಡರಾಯಿತಲ್ಲ ಎನ್ನಬಹುದು. ನಮ್ಮ ಅಭಿಪ್ರಾಯ ಹಾಗಿಲ್ಲ. ಲೆವೆಲ್ 2 ಪ್ಯಾಡು ಸಾಮಾನ್ಯವಾಗಿ ದಪ್ಪ, ಸೆಕೆ, ಬೆಲೆಯೂ ಹೆಚ್ಚು. ಗಂಟೆಗಟ್ಟಲೆ ಪೆಡಲು ತುಳಿಯುವವನಿಗೆ ಮೊಣಕಾಲ ಹಿಂದೆ ಬೆವರಿ ಉಜ್ಜುತ್ತದೆ. ಅವನು ಏರಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕುತ್ತಾನೆ, ಇಳಿಜಾರಿನಲ್ಲಿ ಕಟ್ಟಲು ಮರೆಯುತ್ತಾನೆ. ಚೀಲದಲ್ಲಿರುವ ಲೆವೆಲ್ 2ಕ್ಕಿಂತ ಕಾಲ ಮೇಲಿರುವ ಲೆವೆಲ್ 1 ಮೇಲು. ಕೆರೆ ಏರಿ, ಕಾಲುವೆಯ ದಂಡೆ, ತೋಟದ ದಾರಿ ಇಷ್ಟರಲ್ಲೇ ಸುತ್ತುವವರಿಗೆ ಲೆವೆಲ್ 1 ಸಾಕು. ಕಲ್ಲಿನ ಇಳಿಜಾರಿನಲ್ಲಿ ವೇಗವಾಗಿ ಇಳಿಯುವವರು, ಹಾರಿಸುವವರು ಲೆವೆಲ್ 2 ಕೊಳ್ಳಲಿ.

ಲೆವೆಲ್ 1 ಎಂಬ ಒಂದೇ ಚೀಟಿಯ ಕೆಳಗೆ ಬಹಳ ಅಂತರವಿದೆ ಎಂಬದೂ ನೆನಪಿರಲಿ. 34 ಬಂದದ್ದೂ ಲೆವೆಲ್ 1, 21 ಬಂದದ್ದೂ ಲೆವೆಲ್ 1. ಶಾಲೆಯಲ್ಲಿ 35 ಅಂಕ ಬಂದವನೂ ಪಾಸು, 59 ಬಂದವನೂ ಪಾಸು ಇದ್ದ ಹಾಗೆ. ಕೆಲವು ತಯಾರಕರು ಜೊತೆಗಿಡುವ ಕಾಗದದಲ್ಲಿ ನಿಜವಾದ ಅಂಕಿಯನ್ನೇ ಅಚ್ಚು ಹಾಕುತ್ತಾರೆ. ಅಲ್ಲಿ ಮಾತ್ರ ಕಡಿಮೆ ಅಂಕಿ ಒಳ್ಳೆಯದು, ಮರೆಯಬಾರದು. ಕಾಗದವನ್ನು ಪೆಟ್ಟಿಗೆಯೊಂದಿಗೆ ಒಲೆಗೆ ಹಾಕಬೇಡಿ.

ಅಂಕಿ ಹೇಳದೆ ಬಿಡುವ ಸಂಗತಿಗಳೂ ಇವೆ. ಪ್ಯಾಡು ಜಾರುತ್ತದೆಯೋ ಇಲ್ಲವೋ ಎಂಬದನ್ನು ಅಂಕಿ ಹೇಳುವದಿಲ್ಲ. ಬಿದ್ದಾಗ ನಾಲ್ಕು ಬೆರಳು ಕೆಳಗೆ ಜಾರಿ ಕಣಕಾಲಿನಲ್ಲಿ ಕೂತ ಪ್ಯಾಡು ಯಾವ ಲೆವೆಲ್ಲಿನದಾದರೇನು? ಅಂಗಡಿಯಲ್ಲಿ ಕಟ್ಟಿಕೊಂಡು ಹತ್ತು ಸಲ ಕುಕ್ಕುರುಗಾಲಲ್ಲಿ ಕೂತು ಏಳಿ, ಸಾಧ್ಯವಾದರೆ ಹತ್ತು ಮಿನಿಟು ಸೈಕಲ್ ತುಳಿಯಿರಿ. ಚಿಪ್ಪಿನ ಮೇಲೆಯೇ ಇದ್ದರೆ ಕೊಳ್ಳಿ. ಗರಸಿನ ಮೇಲೆ ಜಾರಿ ಚರ್ಮ ಸುಲಿಯುವದನ್ನೂ ಈ ಲೆವೆಲ್ ಹೇಳುವದಿಲ್ಲ. ಅದು ಬಟ್ಟೆಯ ಗುಣ. ಮೋಟಾರ್ ಸೈಕಲ್ಲಿನ ಉಡುಪಿಗೆ ಇ.ಎನ್. 17092 ಎಂಬ ಮಾನಕವಿದೆ, ಅಲ್ಲಿ ಮೂರು 'ಎ' ಇದ್ದದ್ದು ಎಲ್ಲಕ್ಕಿಂತ ಮೇಲು. ಕಾಫಿ ಬೆಳೆಗಾರರಿಗೆ 'ಪ್ಲಾಂಟೇಶನ್ ಎ' ಗೊತ್ತಿರುವದರಿಂದ ಇದು ಬೇಗ ತಲೆಗೆ ಹತ್ತುತ್ತದೆ. ಮೊಣಕಾಲು ತಿರುಚಿ ಒಳಗಿನ ನಾರು ಹರಿಯುವದನ್ನಂತೂ ಇಂಥ ಪ್ಯಾಡು ತಡೆಯಲಾರದು. ಸೈಕಲ್ಲಿನವರಿಗೆ ಇದೂ ಆಗುವದುಂಟು.

ತಲೆಯ ಮಾತು

ಮೊಣಕಾಲಿನ ವಿಷಯ ಇಷ್ಟು ಹೇಳಿ ತಲೆಯನ್ನು ಬಿಡಲಾಗದು, ಇಲ್ಲಿಯೂ ಅದೇ ಗೊಂದಲ ಕಾಣುತ್ತೇವೆ. ಸೈಕಲ್ಲಿನ ಹೆಲ್ಮೆಟ್ಟಿಗೆ ಯುರೋಪಿನ ಮಾನಕ ಇ.ಎನ್. 1078. ತಲೆಯಾಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ, ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಪಾಟು ಉಕ್ಕಿನ ಮೇಲೆ ಬೀಳಿಸುತ್ತಾರೆ. ಮುಟ್ಟುವ ವೇಗ ಗಂಟೆಗೆ ಸುಮಾರು 20 ಕಿಲೋ ಮೀಟರ್. ಮೋಟಾರ್ ಸೈಕಲ್ಲಿಗೆ ನಮ್ಮ ದೇಶದ್ದೇ ಐ.ಎಸ್. 4151. ಹಗುರಾಗಿದೆ, ಗಾಳಿಯಾಡುತ್ತದೆ ಎಂದು ಮಗನ ಸೈಕಲ್ಲಿನ ಹೆಲ್ಮೆಟ್ ಹಾಕಿಕೊಂಡು ಹೆದ್ದಾರಿಯಲ್ಲಿ ಶಿಗ್ಗಾಂವಿಯಿಂದ ಹಾವೇರಿಗೆ ಬೈಕಿನಲ್ಲಿ ಬರುವ ಸದಸ್ಯರನ್ನು ನಾವು ಕಂಡಿದ್ದೇವೆ. ಅದು ಕಾಯಿದೆಗೂ ಸಲ್ಲದು, ತಲೆಗೂ ಸಲ್ಲದು. 2021ರ ಜೂನ್ 1ರಿಂದ ದ್ವಿಚಕ್ರ ಮೋಟಾರು ಸವಾರರ ಹೆಲ್ಮೆಟ್ಟಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ.

ಆ ಮುದ್ರೆಯನ್ನು ಕೊಡುವದು ಭಾರತೀಯ ಮಾನಕ ಬ್ಯೂರೊ. 1987ರಲ್ಲಿ ಸಂಸ್ಥೆಯ ಹೆಸರು ಬದಲಾದರೂ ಮುದ್ರೆಗೆ ಹಳೆಯ ಹೆಸರೇ ಉಳಿದಿದೆ. ಖರೆ ಮುದ್ರೆಯ ಮೇಲೆ ಮಾನಕದ ಸಂಖ್ಯೆ, ಕೆಳಗೆ 'ಸಿ.ಎಂ./ಎಲ್.' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬರೀ ಐ.ಎಸ್.ಐ. ಚೀಟಿ ಅಂಟಿಸಿ ರಸ್ತೆಬದಿಯಲ್ಲಿ ಮಾರುವ ಟೊಪ್ಪಿಗೆಗಳಲ್ಲಿ ಇದು ಇರುವದಿಲ್ಲ, ಇದ್ದರೂ ಸುಳ್ಳಿರಬಹುದು. ಬ್ಯೂರೊದವರ 'ಬಿ.ಐ.ಎಸ್. ಕೇರ್' ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಜೀವಂತವಿದೆಯೋ ಇಲ್ಲವೋ ಎಂಬದು ತೆರೆಯುತ್ತದೆ. ಮಕ್ಕಳಿಗೆ ಹೇಳಿದರೆ ಎರಡು ಮಿನಿಟಿನಲ್ಲಿ ತೋರಿಸುತ್ತಾರೆ. ಇನ್ನೊಂದು: ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲು ಪೆಟ್ಟನ್ನು ತಾನು ಜಜ್ಜಿಹೋಗಿ ನುಂಗುತ್ತದೆ. ಜಜ್ಜಿದ್ದು ಮತ್ತೆ ಉಬ್ಬುವದಿಲ್ಲ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಹೊಳೆಯಲಿ, ಬದಲಿಸಬೇಕು.

ಮರ ಏರುವವರ ಪ್ರಶ್ನೆ

ಈಗ ಠರಾವಿನ ಮಾತು. ಹಿರೇಕೆರೂರ ಭಾಗದ ಕೆಲವು ಸದಸ್ಯರು, ಸೈಕಲ್ಲಿನ ಹುಡುಗರಿಗೆ ಕೊಟ್ಟಂತೆ ಕೊನೆ ಇಳಿಸುವವರಿಗೂ ಮೊಣಕಾಲ, ಮೊಣಕೈ, ಬೆನ್ನಿನ ಪ್ಯಾಡುಗಳನ್ನು ಕೊಡಿಸಬೇಕೆಂದು ಬರೆದುಕೊಟ್ಟಿದ್ದಾರೆ. ಉದ್ದೇಶ ಒಳ್ಳೆಯದು. ಮರ ಏರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಇರುವವರ ಜೀವ ನಮ್ಮ ಹೊಣೆ. ಆದರೆ ಲೆಕ್ಕ ನೋಡಿ. ಪರೀಕ್ಷೆಯ ಪೆಟ್ಟು 5 ಕಿಲೋ, 1 ಮೀಟರ್: 50 ಜೂಲ್. 60 ಕಿಲೋ ತೂಕದ ಆಳು 10 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 6000 ಜೂಲ್. 120 ಪಟ್ಟು. ನಮ್ಮ ಮರಗಳು ಎಷ್ಟೋ ಕಡೆ ಅದಕ್ಕಿಂತ ಎತ್ತರ. ಯಾವ ಲೆವೆಲ್ಲಿನ ಪ್ಯಾಡೂ ಇದಕ್ಕೆ ಮಾಡಿದ್ದಲ್ಲ. ಮೈತುಂಬ ಪ್ಯಾಡು ಕಟ್ಟಿಸಿ ಮರ ಹತ್ತಿಸಿದರೆ ಏರುವವನಿಗೂ ಏರಿಸಿದವನಿಗೂ ಸುಳ್ಳು ಧೈರ್ಯ ಬರುತ್ತದೆ, ಜೊತೆಗೆ ಮೊಣಕಾಲಿನ ಹಿಡಿತವೂ ಕೆಡುತ್ತದೆ.

ಎತ್ತರದಿಂದ ಬೀಳುವವನಿಗೆ ಬೇಕಾದದ್ದು ಪೆಟ್ಟು ನುಂಗುವ ಮೆತ್ತೆಯಲ್ಲ, ನೆಲ ಮುಟ್ಟದಂತೆ ಹಿಡಿಯುವ ಹಗ್ಗ. ಅದಕ್ಕೆ ಐ.ಎಸ್. 3521 ಎಂಬ ಮಾನಕದ ಪಟ್ಟಾ, ತೊಡೆ ಭುಜಗಳನ್ನು ಕೂಡಿ ಹಿಡಿಯುವ ಹಾರ್ನೆಸ್ ಇದೆ. ಬರೀ ಸೊಂಟಕ್ಕೆ ಕಟ್ಟುವ ಪಟ್ಟಿಗಿಂತ ಇದು ವಾಸಿ, ಬಿದ್ದಾಗ ಸೊಂಟವೊಂದೇ ಎಳೆತ ತಿನ್ನುವದಿಲ್ಲ. ಆದರೆ ಹಾರ್ನೆಸ್ಸು ಕೊಂಡುಕೊಟ್ಟರೆ ಮುಗಿಯಲಿಲ್ಲ. ಹಗ್ಗವನ್ನು ಮರಕ್ಕೆ ಹೇಗೆ ಸುತ್ತಬೇಕು, ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಏನು ಮಾಡಬೇಕು ಎಂಬದನ್ನು ಕಲಿಸುವವರು ಬೇಕು. ಕಲಿಸದೆ ಕೊಟ್ಟ ಹಾರ್ನೆಸ್ಸು ಗೂಟಕ್ಕೆ ತೂಗುತ್ತದೆ. ಎಲ್ಲಕ್ಕಿಂತ ಮೇಲು ಮರ ಏರದಿರುವದೇ. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಕೊನೆ ಇಳಿಸುವದು, ಮದ್ದು ಹೊಡೆಯುವದು ಎಷ್ಟೋ ತೋಟಗಳಲ್ಲಿ ನಡೆದಿದೆ. ದೋಟಿಯ ಕೆಳಗೆ ನಿಲ್ಲುವವನ ತಲೆಯ ಮೇಲೆ ಮಾತ್ರ ಕಾರ್ಖಾನೆಯವರು ಹಾಕುವ, ಐ.ಎಸ್. 2925 ಮುದ್ರೆಯ ಗಟ್ಟಿ ಟೊಪ್ಪಿಗೆ ಇರಲಿ. ಮೇಲಿಂದ ಬೀಳುವ ವಸ್ತುವಿಗೆ ಮಾಡಿದ್ದು ಅದು. ಬೈಕಿನ ಮೇಲೆ ಅದನ್ನು ಹಾಕಿಕೊಂಡು ಹೋಗಬಾರದೆಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಪ್ಯಾಡಿನ ಠರಾವಿಗೆ ಕಾರ್ಯದರ್ಶಿಯಾಗಿ ನಮ್ಮ ಒಪ್ಪಿಗೆಯಿಲ್ಲ. ಅದೇ ಹಣದಲ್ಲಿ ಪ್ರತಿ ತಾಲೂಕಿಗೆ ಒಂದೊಂದರಂತೆ ಬಾಡಿಗೆ ದೋಟಿ, ಅದು ಮುಟ್ಟದ ಮರಗಳಿಗೆ ಹಾರ್ನೆಸ್ಸು, ಒಂದು ದಿನದ ತರಬೇತಿ, ಇದು ನಮ್ಮ ಸೂಚನೆ. ಸಭೆ ಏನು ಹೇಳುತ್ತದೆಯೋ ಹಾಗೆ. ಸೈಕಲ್ಲಿನ ಹುಡುಗರಿಗೆ ಇ.ಎನ್. 1621-1 ಇರುವ ಪ್ಯಾಡುಗಳನ್ನು ಹೊಸದಾಗಿ ತರಿಸಿದ್ದೇವೆ. ಅದರ ಖರ್ಚು ಸಂಘದ ಲೆಕ್ಕಕ್ಕೆ ಬಂದಿಲ್ಲ.

ಹಳೆಯ ಹನ್ನೊಂದು ಜೊತೆ ಕಚೇರಿಯ ಕಪಾಟಿನಲ್ಲಿವೆ. ಹನ್ನೆರಡನೆಯದನ್ನು ಆ ತಂದೆ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಮೊಣಕಾಲೂರಿ ಕಳೆ ತೆಗೆಯುವವರಿಗೆ, ಫರಸಿ ಹಾಸುವವರಿಗೆ ಅವು ಯೋಗ್ಯ ಮಾಲು, ಅದಕ್ಕೇ ಮಾಡಿದ್ದು. ಬೇಕಾದವರು ಕಚೇರಿಯ ವೇಳೆಯಲ್ಲಿ ಬಂದು ಸಹಿ ಮಾಡಿ ಒಯ್ಯಬಹುದು. ಸಭೆಯ ದಿನ ತಮ್ಮ ಮನೆಯಲ್ಲಿರುವ ಹೆಲ್ಮೆಟ್, ಪ್ಯಾಡು, ಪಟ್ಟಾ ಏನೇ ಇರಲಿ, ಪೆಟ್ಟಿಗೆಯ ಕಾಗದದ ಸಮೇತ ತಂದರೆ ಪಟ್ಟಿಯನ್ನು ಕೂಡಿಯೇ ಓದೋಣ. ಸಣ್ಣ ಅಕ್ಷರಕ್ಕಾಗಿ ಒಂದು ಭೂತಗನ್ನಡಿಯನ್ನು ತಂದಿಟ್ಟಿದ್ದೇವೆ.

ಕಾರ್ಯದರ್ಶಿ